ಹೆಸರು ಬರೆಯುವವರು

ಶಿರಸಿಯಲ್ಲಿ ಮನೆ ಮಾಡಿಕೊಂಡಿರುವವನಿಗೆ ದಸರೆಯ ರಜೆ ತನ್ನದಲ್ಲ. ಅದು ನೆಂಟರ ರಜೆ. ಮಳೆ ಹಿಂದೆಗೆದು, ಹೊಳೆಗಳ ಕೆಂಪು ಕಳೆದು ನೀರು ತಿಳಿಯಾಗುವ ಹೊತ್ತಿಗೆ ಬೆಂಗಳೂರಿನಿಂದಲೂ ಹುಬ್ಬಳ್ಳಿಯಿಂದಲೂ ಫೋನು ಬರತೊಡಗುತ್ತದೆ. "ನಿಮ್ಮ ಕಡೆ ನೋಡುವಂಥದು ಬಹಳ ಇದೆಯಂತಲ್ಲ?" ಎಂಬುದು ಪೀಠಿಕೆ. ಇರುವುದೇನೋ ನಿಜ. ಸಿದ್ದಾಪುರದ ಕಡೆಗೆ ಉಂಚಳ್ಳಿ, ಬುರುಡೆ; ಯಲ್ಲಾಪುರದ ಕಡೆಗೆ ಮಾಗೋಡು, ಸಾತೊಡ್ಡಿ; ನಡುವೆ ಶಾಲ್ಮಲೆಯ ಸಹಸ್ರಲಿಂಗ; ಕುಮಟೆ ತಾಲ್ಲೂಕಿಗೆ ಸೇರಿದ್ದರೂ ನಾವು ನಮ್ಮದೆಂದೇ ಹೇಳಿಕೊಳ್ಳುವ ಯಾಣ. ಇಷ್ಟನ್ನೂ ತೋರಿಸುವ ಗೌರವ ಮಾರ್ಗದರ್ಶಕನಾಗಿ ನಾನು ಹಲವು ವರ್ಷ ದುಡಿದಿದ್ದೇನೆ. ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನಿಗೆ ತರಗತಿ ಇಲ್ಲದ ದಿನವೂ ಬಾಯಿ ಸುಮ್ಮನಿರುವುದಿಲ್ಲವಾದ್ದರಿಂದ ಕೆಲಸ ಒಗ್ಗಿಹೋಗಿದೆಯೆಂದೇ ಹೇಳಬೇಕು.

ಈ ಸಲ ಬಂದವರು ನನ್ನ ಅಕ್ಕ, ಭಾವ ಮತ್ತು ಅವರ ಹದಿನೈದು ವರ್ಷದ ಮಗ. ಬಂದ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಹುಡುಗನಿಗೆ ಶಾಸನಗಳ ವಿಷಯ ಹೇಳಿದೆ. ಹಲ್ಮಿಡಿಯಿಂದ ಹೊರಟು ಶ್ರವಣಬೆಳಗೊಳಕ್ಕೆ ಬಂದೆ. ಅಲ್ಲಿ ಐನೂರಕ್ಕೂ ಹೆಚ್ಚು ಶಾಸನಗಳಿವೆ. ಅವುಗಳಲ್ಲಿ ಅರಸರ ದಾನಗಳು ಎಷ್ಟೋ, ದೇಹ ಬಿಡಲು ಬಂದವರ ನೆನಪಿನ ಬರೆಹಗಳು ಎಷ್ಟೋ. ಆದರೆ ಚಿಕ್ಕಬೆಟ್ಟದ ಬಂಡೆಯ ಮೇಲೆ ಬಂದು ಹೋದವರ ಬರಿಯ ಹೆಸರುಗಳೂ ಇವೆ. ಅದರಲ್ಲೊಂದು 'ಕವಿರತ್ನ' ಎಂದಿದೆ. ಅದು ೯೯೩ರಲ್ಲಿ ಅಜಿತಪುರಾಣ ಬರೆದ ರನ್ನನದೇ ಹಸ್ತಾಕ್ಷರವೆಂದು ವಿದ್ವಾಂಸರು ಭಾವಿಸಿದ್ದಾರೆ. "ಸಾವಿರ ವರ್ಷವಾಯಿತು, ಹೆಸರು ಹಾಗೇ ಇದೆ, ನೋಡು!" ಎಂದು ನಾನು ಕೈಯೆತ್ತಿ ಹೇಳಿದಾಗ ಹುಡುಗನ ಕಣ್ಣು ಅರಳಿದ್ದನ್ನು ಕಂಡು, ನಮ್ಮ ಕಾಲೇಜಿನ ಹುಡುಗರಿಗಿಂತ ಇವನೇ ಮೇಲು ಎಂದುಕೊಂಡು ಮಲಗಿದೆ.

ಮರುದಿನ ಯಾಣ. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಎಂಬ ಗಾದೆ ಹುಟ್ಟಿದ್ದು ಕಾಡಿನಲ್ಲಿ ಮೈಲಿಗಟ್ಟಲೆ ನಡೆಯಬೇಕಾಗಿದ್ದ ಕಾಲದಲ್ಲಿ. ಈಗ ಸೊಕ್ಕು ಬೇಡ, ಕಾರಿದ್ದರೆ ಸಾಕು. ಆದರೂ ಮರಗಳ ನಡುವಿನಿಂದ ಆ ಕರಿಯ ಭೈರವೇಶ್ವರ ಶಿಖರ ಸುಮಾರು ೧೨೦ ಮೀಟರು ಎದ್ದು ಎದುರಾದೊಡನೆ, ದಾರಿಯುದ್ದಕ್ಕೂ ಹರಟುತ್ತ ಬಂದ ಭಾವನಂಥ ಭಾವನೂ ಮಾತು ನಿಲ್ಲಿಸಿದರು. ಮೇಲೆ ಹೆಜ್ಜೇನಿನ ತಟ್ಟುಗಳು, ಬುಡದ ಗುಹೆಯಲ್ಲಿ ದೇವರು, ತುಸು ಆಚೆಗೆ ೯೦ ಮೀಟರಿನ ಮೋಹಿನಿ ಶಿಖರ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಬೂದಿಯಾದದ್ದು ಇಲ್ಲಿಯೇ ಎಂಬುದು ಸ್ಥಳಪುರಾಣ. ಅಸುರ ಹೋದ, ಅವನ ಕೈಯೊಂದು ಉಳಿಯಿತೇನೋ ಎಂದು ನನಗೆ ಅನೇಕ ಸಲ ಅನ್ನಿಸಿದ್ದಿದೆ. ಏಕೆಂದರೆ ಕೈ ಎಟಕುವಷ್ಟು ಎತ್ತರದವರೆಗೆ ಆ ಕರಿಯ ಮೈಯಲ್ಲಿ ಬಿಳಿಯ ಗೀರುಗಳು. ಹೆಸರುಗಳು, ಊರುಗಳು, ತಾರೀಖುಗಳು, ಬಾಣ ಚುಚ್ಚಿದ ಹೃದಯಗಳು. ಆ ಹೃದಯಗಳಲ್ಲಿ ಒಂದಾದರೂ ಸರಿಯಾದ ಆಕಾರದ್ದಿಲ್ಲ.

ಶಿಖರವನ್ನು ಬಳಸಿ ಬರುವಾಗ ಹುಡುಗ ಹಿಂದುಳಿದ. ತಿರುಗಿ ನೋಡಿದರೆ ಚೂಪಾದ ಕಲ್ಲೊಂದನ್ನು ಹಿಡಿದು ಗೋಡೆಯ ಮೇಲೆ ತನ್ನ ಹೆಸರಿನ ಮೊದಲಕ್ಷರವನ್ನು ಆರಂಭಿಸಿದ್ದ.

ನಾನು ಗದರಿದ್ದು ಸ್ವಲ್ಪ ಹೆಚ್ಚೇ ಆಯಿತು. ಹುಡುಗ ಕಲ್ಲು ಬಿಸುಟು, ಅವಮಾನದಿಂದ ಕೆಂಪಾಗಿ, "ನಿನ್ನೆ ನೀವೇ ಹೇಳಿದಿರಲ್ಲ, ಮಾವ? ರನ್ನ ಬರೆದರೆ ಶಾಸನ, ನಾನು ಬರೆದರೆ ತಪ್ಪೇ?" ಎಂದ.

"ಅವನು ರನ್ನ. ನೀನು ಯಾರು?" ಎಂದುಬಿಟ್ಟೆ. ಭಾವ ನಕ್ಕರು, ಅಕ್ಕ ನಗಲಿಲ್ಲ. ಹುಡುಗ ಊರು ಮುಟ್ಟುವವರೆಗೆ ಮಾತಾಡಲಿಲ್ಲ.

ಆ ಉತ್ತರ ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಚಿಕ್ಕಬೆಟ್ಟದ ಹೆಸರುಗಳೆಲ್ಲ ರನ್ನನವಲ್ಲ. ಅಲ್ಲಿ ಬರೆದ ಎಷ್ಟೋ ಮಂದಿ ಅಂದೂ ಯಾರೂ ಅಲ್ಲ, ಇಂದೂ ಯಾರೂ ಅಲ್ಲ. ಬೆಟ್ಟ ಹತ್ತಿ ಬಂದ ಯಾತ್ರಿಕರು, ಅಷ್ಟೇ. ಆದರೂ ಅವರ ಹೆಸರುಗಳನ್ನು ನಾವು ಓದಿ, ಸಂಖ್ಯೆ ಕೊಟ್ಟು, ಅಕ್ಷರದ ರೂಪ ನೋಡಿ ಶತಮಾನ ನಿರ್ಣಯಿಸಿ, ಅಚ್ಚು ಹಾಕಿಸಿ, ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ನನ್ನ ಸಂಬಳವೇ ಒಂದು ರೀತಿಯಲ್ಲಿ ಕಲ್ಲಿನ ಮೇಲೆ ಬರೆದವರಿಂದ ಬರುತ್ತಿದೆ. ಅವರು ದೇವರಿಗೆ ಕೈಮುಗಿಯಲು ಬಂದವರು, ಇವರು ಮೋಜಿಗೆ ಬಂದವರು ಎನ್ನೋಣವೇ? ಯಾಣಕ್ಕೆ ಬರುವವರೂ ಗುಹೆಯ ಮುಂದೆ ಕೈಮುಗಿದೇ ಮುಂದೆ ಹೋಗುತ್ತಾರೆ. ಅಂದು ಅಕ್ಷರ ಬಲ್ಲವರೂ ಕಡಿಮೆ, ಅಷ್ಟು ದೂರ ಬರುವವರೂ ಕಡಿಮೆ. ಇಂದು ಒಂದು ಭಾನುವಾರ ಬಂದವರೆಲ್ಲ ತಲಾ ಮೂರಕ್ಷರ ಬರೆದರೂ ಶಿಖರ ಸಾಲದು ಎನ್ನುವುದು ಒಂದು ಉತ್ತರ. ಆದರೆ ಅದು ಲೆಕ್ಕದ ಉತ್ತರ. ಹದಿನೈದರ ಹುಡುಗನಿಗೆ ತಾನೊಬ್ಬನೇ ಒಬ್ಬ.

ಅಳಿಸುವುದು ಬರೆದಷ್ಟು ಸುಲಭವಲ್ಲ. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರೊಬ್ಬರನ್ನು ಹಿಂದೊಮ್ಮೆ ಕೇಳಿದ್ದೆ. ಯಾಣದ್ದು ಸುಣ್ಣಕಲ್ಲಿನ ಜಾತಿ. ಬಣ್ಣ ತೆಗೆಯಲು ಆಮ್ಲ ಸುರಿದರೆ ಬಣ್ಣಕ್ಕೆ ಮೊದಲೇ ಕಲ್ಲು ನೊರೆಯೆದ್ದು ಕರಗುತ್ತದೆ. ತಂತಿಯ ಬ್ರಷ್ಷಿನಿಂದ ತಿಕ್ಕಿದರೆ ಹೆಸರಿನೊಡನೆ ಹೆಸರಿನ ಸುತ್ತಲ ಕಪ್ಪು ಚರ್ಮವೂ ಎದ್ದುಹೋಗಿ ಇನ್ನೂ ದೊಡ್ಡ ಬಿಳಿಯ ಕಲೆಯಾಗುತ್ತದೆ. ಆ ಕಪ್ಪು ಬಿಸಿಲು ಮಳೆಗಳೂ ಪಾಚಿ ಕಲ್ಲುಹೂವುಗಳೂ ಸೇರಿ ಕಟ್ಟಿದ್ದು. ಕಲ್ಲುಹೂವು ಬೆಳೆಯುವುದು ವರ್ಷಕ್ಕೆ ಮಿಲಿಮೀಟರಿನ ಲೆಕ್ಕದಲ್ಲಿ. ಹುಡುಗ ಎಳೆದ ಆ ಅರ್ಧ ಅಕ್ಷರ ನನ್ನ ಕಾಲಾನಂತರವೂ ಅಲ್ಲಿರಬಹುದು.

ಎರಡನೆಯ ದಿನ ಉಂಚಳ್ಳಿಗೆ ಹೋದೆವು. ಅಘನಾಶಿನಿ ೧೧೬ ಮೀಟರು ಕೆಳಕ್ಕೆ ಬೀಳುವ ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು ಊರವರು ಇದಕ್ಕೆ ಇಟ್ಟ ಹೆಸರು ಕೆಪ್ಪಜೋಗ. ೧೮೪೫ರಲ್ಲಿ ಜೆ. ಡಿ. ಲಶಿಂಗ್ಟನ್ ಎಂಬ ಕಲೆಕ್ಟರನು ಇದನ್ನು 'ಕಂಡುಹಿಡಿದ'ನಂತೆ. ಇಷ್ಟು ಸದ್ದು ಮಾಡುವುದನ್ನು ಅದುವರೆಗೆ ಯಾರೂ ಕಂಡಿರಲಿಲ್ಲವೆಂದು ನಂಬಬೇಕು. ಅಂದಿನಿಂದ ಪುಸ್ತಕಗಳಲ್ಲಿ ಇದು ಲಶಿಂಗ್ಟನ್ ಜಲಪಾತ. ಸೀಮೆಸುಣ್ಣವಿಲ್ಲದೆ, ಉಳಿಯಿಲ್ಲದೆ ಇಡೀ ಜಲಪಾತದ ಮೇಲೆ ಹೆಸರು ಬರೆದವನು ಆತ! ನನ್ನ ಅಳಿಯನೊಡನೆ ರಾಜಿಯಾಗಲು ಈ ಮಾತು ಹೇಳಿದೆ. ಆತ ನಕ್ಕ. ನಾವು ಒರಗಿ ನಿಂತಿದ್ದ ಕಬ್ಬಿಣದ ಸರಳಿನ ಬಣ್ಣವನ್ನೂ ಯಾರೋ ಕೆರೆದು ಎರಡು ಹೆಸರು ಬರೆದಿದ್ದರು. ಹುಡುಗ ಅದರ ಮೇಲೆ ಬೆರಳಾಡಿಸಿದನೇ ಹೊರತು ಏನೂ ಅನ್ನಲಿಲ್ಲ.

ಮೂರನೆಯ ದಿನ ಯಲ್ಲಾಪುರದ ದಾರಿ. ಸಹಸ್ರಲಿಂಗದಲ್ಲಿ ಇಳಿದೆವು. ಶಾಲ್ಮಲೆಯ ನೀರು ಇನ್ನೂ ಇಳಿದಿರಲಿಲ್ಲವಾದ್ದರಿಂದ ಅರ್ಧ ಲಿಂಗಗಳು ಮುಳುಗಿದ್ದವು, ಬಸವಗಳು ಕುತ್ತಿಗೆಯವರೆಗೆ ನೀರಿನಲ್ಲಿ ಮಲಗಿದ್ದವು. ಸೋದೆಯ ಅರಸ ಸದಾಶಿವರಾಯನ ಕಾಲದ ಕೆಲಸವಿದು. ಆತ ಆಳಿದ್ದು ೧೬೭೮ರಿಂದ ೧೭೧೮ರವರೆಗೆ. ಹೊಳೆಯ ಬಂಡೆ ಬಂಡೆಗೂ ಕುಳಿತು ಕಡೆದವರು ಯಾರೋ. ಎಷ್ಟೋ ಬೇಸಿಗೆಗಳಲ್ಲಿ ಇಲ್ಲಿ ಅಡ್ಡಾಡಿದ ನನಗೆ ಒಬ್ಬ ಶಿಲ್ಪಿಯ ಹೆಸರೂ ಕಂಡಿಲ್ಲ. ಉಳಿ ಕೈಯಲ್ಲೇ ಇತ್ತಲ್ಲ, ಎಷ್ಟು ಹೊತ್ತಿನ ಕೆಲಸ! ಇದನ್ನು ಹುಡುಗನಿಗೆ ಹೇಳಬೇಕೆಂದು ಬಾಯಿ ತೆರೆದವನು ಮುಚ್ಚಿಕೊಂಡೆ.

ಏಕೆಂದರೆ ಮುಂದಿನದು ಮಾಗೋಡು. ಅಲ್ಲಿಗೆ ನಾನು ನೆಂಟರನ್ನು ಕರೆದೊಯ್ಯುವುದೇ ಕಡಿಮೆ. ದಾರಿ ದೂರ, ಹೊತ್ತಾಯಿತು ಎಂದು ಏನಾದರೊಂದು ನೆವ ಹೇಳಿ ತಪ್ಪಿಸುತ್ತೇನೆ. ಈ ಸಲ ನೆವ ಹೇಳಲು ನಾಲಿಗೆ ಏಳಲಿಲ್ಲ.

ಬೇಡ್ತಿ ನದಿ ಹಂತಹಂತವಾಗಿ ಸುಮಾರು ೨೦೦ ಮೀಟರು ಇಳಿಯುವುದನ್ನು ನೋಡುತ್ತ ಅಕ್ಕ ಭಾವಂದಿರು ಕುಳಿತರು. ನಾನು ಹುಡುಗನನ್ನು ಕರೆದುಕೊಂಡು ಪಕ್ಕದ ಕಾಡಿಗೆ ನಾಲ್ಕು ಹೆಜ್ಜೆ ನಡೆದೆ. ನಂದಿಯ ಮರದ ಮೈ ಬೆಳ್ಳಗೆ ನುಣುಪಾಗಿರುತ್ತದೆ, ಹಾಳೆಯಂತೆ. ಚಾಕುವಿರುವ ಹುಡುಗರಿಗೆ ಅದೇ ಪ್ರಲೋಭನೆ. ಪದವಿಯ ಎರಡನೆಯ ವರ್ಷದಲ್ಲಿ ಒಬ್ಬ ಗೆಳೆಯನೊಡನೆ ಇಲ್ಲಿಗೆ ಬಂದಿದ್ದೆ. ಹಾಸ್ಟೆಲಿನಲ್ಲಿ ಒಂದೇ ಕೋಣೆ ನಮ್ಮದು. ಆತನ ಹೆಸರಿನ ಮೊದಲಕ್ಷರವನ್ನು ಆತನೂ ನನ್ನದನ್ನು ನಾನೂ ಕೊರೆದೆವು. ಮರ ಬೆಳೆದಂತೆ ನಮ್ಮ ಅಕ್ಷರಗಳೂ ಮೇಲೇರಿ ಆಕಾಶ ಸೇರುತ್ತವೆ ಎಂದು ಆತ ಹೇಳಿದ್ದ. ಇಬ್ಬರೂ ವಿಜ್ಞಾನ ಓದದವರು. ಮರ ಎತ್ತರ ಬೆಳೆಯುವುದು ತುದಿಯಲ್ಲಿ. ಕಾಂಡದ ಮೇಲಿನ ಗಾಯ ಇದ್ದ ಎತ್ತರದಲ್ಲೇ ಇರುತ್ತದೆ, ಮರ ದಪ್ಪವಾದಂತೆ ಅಗಲವಾಗುತ್ತದೆ.

ಇದೇ ಸೀಮೆಯಲ್ಲಿ, ಶಿರಸಿಯ ಸಾಲ್ಕಣಿಯವರು ೧೯೮೩ರ ಸೆಪ್ಟೆಂಬರಿನಲ್ಲಿ ಕಳಸೆಯ ಕಾಡಿಗೆ ಹೋಗಿ, ಕೊಡಲಿಗೆ ಅಡ್ಡವಾಗಿ ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದ್ದರು. ನಾವು ಹುಟ್ಟುವ ಮೊದಲಿನ ಮಾತು, ಆದರೆ ಕೇಳಿ ಬಲ್ಲೆವು. ಆ ದಿನ ಮರಕ್ಕೆ ನಾವೂ ಒಂದು ಕೈ ಬಳಸಿಯೇ ನಿಂತಿದ್ದೆವು. ಇನ್ನೊಂದು ಕೈಯಲ್ಲಿ ಚಾಕುವಿತ್ತು.

ಗೆಳೆಯ ಮುಂದೆ ಕೆಲವೇ ವರ್ಷಗಳಲ್ಲಿ ಕಾಯಿಲೆಯಿಂದ ತೀರಿಕೊಂಡ. ಅವನ ಕೈಬರೆಹದ ಒಂದು ಚೀಟಿಯೂ ನನ್ನಲ್ಲಿಲ್ಲ; ನಮ್ಮ ಮಾತುಕತೆಯೆಲ್ಲ ಫೋನಿನಲ್ಲಿತ್ತು, ಆ ಫೋನು ಎಲ್ಲಿ ಹೋಯಿತೋ. ಅವನು ಬರೆದು ಉಳಿದದ್ದೆಂದರೆ ಈ ಮರದ ಮೇಲಿನದೊಂದೇ. ಆ ಅಕ್ಷರ ಇರಬಾರದಿತ್ತು ಎಂದು ನಾನು ಯಾವ ಬಾಯಿಂದ ಹೇಳಲಿ? ಹೇಳದೆ ಯಾಣದಲ್ಲಿ ಹುಡುಗನನ್ನು ಹೇಗೆ ಗದರಲಿ?

ಮರ ಸಿಕ್ಕಿತು. ಎದೆಯೆತ್ತರದಲ್ಲಿ ನನ್ನ ಅಕ್ಷರ ತೊಗಟೆ ಮುಚ್ಚಿ ಬರಿಯ ಗಂಟಾಗಿತ್ತು. ಗೆಳೆಯ ಕಸುವುಳ್ಳವನು, ಆಳವಾಗಿ ಕೊರೆದಿದ್ದ, ಅದು ಮುಚ್ಚಿರಲಿಲ್ಲ. ಅಂಚುಗಳು ತುಟಿಯಂತೆ ಊದಿಕೊಂಡು, ಒಳಗಿನ ಕಟ್ಟಿಗೆ ಕಪ್ಪಾಗಿ, ಅದರ ನಟ್ಟನಡುವೆ ಹುಳು ಕೊರೆದ ಒಂದು ತೂತಿನಿಂದ ಇರುವೆಗಳ ಸಾಲು ಬಂದು ಹೋಗುತ್ತಿತ್ತು.

"ಇದನ್ನು ಬರೆದವರು ನಾವು," ಎಂದು ಹುಡುಗನಿಗೆ ಹೇಳಿದೆ. ಗೆಳೆಯ ಇಲ್ಲವೆಂಬುದನ್ನೂ ಹೇಳಿದೆ.

ಆತ ಬಹಳ ಹೊತ್ತು ನೋಡಿದ. ನನ್ನ ನಿನ್ನೆಮೊನ್ನೆಯ ಮಾತುಗಳನ್ನು ನನಗೇ ತಿರುಗಿಸಬಹುದಾಗಿತ್ತು, ತಿರುಗಿಸಲಿಲ್ಲ. ಇರುವೆಗಳು ಕೈಗೆ ಹತ್ತದಂತೆ ಬೆರಳ ತುದಿಯಿಂದ ಅಂಚನ್ನು ಮಾತ್ರ ಮುಟ್ಟಿ, "ಇದು 'ಠ'ವೇ, ಮಾವ?" ಎಂದು ಕೇಳಿದ.

ಬಗ್ಗಿ ನೋಡಿದೆ. ಆ ತೂತು ಸುತ್ತಿನ ನಡುವೆ ಚುಕ್ಕೆಯಂತೆ ಕುಳಿತು, ಹಾಗೆಯೇ ಓದಿಸುತ್ತಿತ್ತು.

"ಅಲ್ಲ," ಎಂದೆ, "'ರ'."