ಆಕರದ ಬೆನ್ನು ಹತ್ತಿ

ಹಳೆಯ ಗ್ರಂಥದ ಒಂದು ಸಾಲು ಎಲ್ಲಿಂದ ಬಂತು, ಯಾವಾಗ ಬಂತು ಎಂದು ಹುಡುಕುತ್ತ ಕೂರುವುದು ನನಗೆ ಬಲು ಇಷ್ಟದ ಕೆಲಸ. ಈ ಸುಖವನ್ನು ಮೊಗೆಮೊಗೆದು ಕೊಟ್ಟದ್ದು ಒಂಬತ್ತನೆಯ ಶತಮಾನದಲ್ಲಿ ಫ್ರಾಂಕರ ನಾಡಿನಲ್ಲಿ ಹುಟ್ಟಿದ ಚರ್ಚ್ ಕಾನೂನಿನ ಒಂದು ಸಂಗ್ರಹ. ಅದನ್ನು ಕಟ್ಟಿದವನು ತನ್ನ ಹೆಸರು ಇಸಿದೋರ್ ಮರ್ಕಾಟೋರ್ ಎಂದು ಹೇಳಿಕೊಂಡಿದ್ದಾನೆ. ಹೆಸರು ಹುಸಿ, ಆದ್ದರಿಂದ ವಿದ್ವಾಂಸರು ಅವನನ್ನು ಹುಸಿ ಇಸಿದೋರ್ ಎನ್ನುತ್ತಾರೆ.

ಸಂಗ್ರಹದ ಮೊದಲ ಭಾಗದಲ್ಲಿ ಸುಮಾರು 60 ಪತ್ರಗಳಿವೆ. ಒಂದನೆಯ ಶತಮಾನದ ಕ್ಲೆಮೆಂಟನಿಂದ 314ರಲ್ಲಿ ತೀರಿಕೊಂಡ ಮಿಲ್ತಿಯಾದೆಸ್‌ವರೆಗಿನ ಪೋಪರು ಬರೆದದ್ದೆಂದು ಅವುಗಳ ತಲೆಬರಹ ಸಾರುತ್ತದೆ. ಒಂದೂ ಅಸಲಿಯಲ್ಲ. ಆದರೂ ಯುರೋಪು ಅವನ್ನು ನೂರಾರು ವರ್ಷ ನಂಬಿತು. ಹದಿನೈದನೆಯ ಶತಮಾನದಲ್ಲಿ ಕೂಸಾದ ನಿಕೋಲಸ್ ಅನುಮಾನಪಟ್ಟರು. 1628ರಲ್ಲಿ ಫ್ರಾನ್ಸಿನ ದಾವಿದ್ ಬ್ಲೊಂದೆಲ್ ಪತ್ರಗಳನ್ನೂ ಅವುಗಳ ಆಕರಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಎರಡನೆಯ ಶತಮಾನದ ಪೋಪನ ಬಾಯಲ್ಲಿ ನಾಲ್ಕನೆಯ ಶತಮಾನದ ಕೊನೆಗೆ ಶುರುವಾದ ಜೆರೋಮನ ಲ್ಯಾಟಿನ್ ಬೈಬಲ್ಲಿನ ಮಾತು! ಐದನೆಯ ಶತಮಾನದ ಪೋಪ್ ಲಿಯೋನ ವಾಕ್ಯಗಳೂ ಅಲ್ಲಿವೆ.

ನನ್ನನ್ನು ಹಿಡಿದಿಡುವುದು ಇದರ ಹೆಣಿಗೆ. ಕೃತಿಕಾರ ಸ್ವಂತ ವಾಕ್ಯ ಬರೆದದ್ದು ಕಡಿಮೆ. ಬೈಬಲ್, ಧರ್ಮಸಭೆಗಳ ನಡಾವಳಿ, ಅಸಲಿ ಪೋಪರ ಪತ್ರ, ರೋಮನ್ ಕಾನೂನು, ಹೀಗೆ ಎಲ್ಲೆಲ್ಲಿಂದಲೋ ತುಣುಕು ತಂದು ಜೋಡಿಸಿದ್ದಾನೆ. ಉತ್ತರ ಕರ್ನಾಟಕದ ಕೌದಿಯನ್ನು ನೋಡಿ ಇದು ಯಾರ ಸೀರೆಯ ತುಂಡು, ಇದು ಯಾರ ಕುಪ್ಪಸದ್ದು ಎಂದು ಮನೆಯವರು ಗುರುತಿಸುವ ಹಾಗೆ ಇಲ್ಲಿಯೂ ಒಂದೊಂದು ತುಂಡಿನ ಮೂಲ ಗುರುತಿಸಬಹುದು. ಪೌಲ್ ಹಿನ್ಷಿಯಸ್ 1863ರಲ್ಲಿ ಹೊರತಂದ ಆವೃತ್ತಿಯನ್ನು ಮುಂದಿಟ್ಟುಕೊಂಡು ಪತ್ರದ ಒಂದು ವಾಕ್ಯ, ಆಕರದ ಒಂದು ವಾಕ್ಯ ಎಂದು ಕಣ್ಣಾಡಿಸತೊಡಗಿದರೆ ಸಂಜೆಯಾದದ್ದೇ ತಿಳಿಯುವುದಿಲ್ಲ. ಎಲ್ಲಿ ಪದ ಬಿಟ್ಟ, ಎಲ್ಲಿ ಸೇರಿಸಿದ, ಎಲ್ಲಿ ಕ್ರಿಯಾಪದ ತಿರುಚಿದ ಎಂಬುದೆಲ್ಲ ಕಾಣುತ್ತ ಹೋಗುತ್ತದೆ.

ಈ ಹುಡುಕಾಟದ ಅತ್ಯಂತ ಸೊಗಸಾದ ಫಲ 2000ದ ಆಸುಪಾಸಿನಲ್ಲಿ ಸಿಕ್ಕಿತು. ಉತ್ತರ ಫ್ರಾನ್ಸಿನ ಕೊರ್ಬಿ ಮಠದಲ್ಲಿದ್ದ ಹಳೆಯ ಹಸ್ತಪ್ರತಿಗಳ ಅಂಚಿನಲ್ಲಿ ಯಾರೋ ಓದುಗ ಹಾಕಿದ ಪುಟ್ಟ ಗುರುತುಗಳನ್ನು ಜರ್ಮನ್ ವಿದ್ವಾಂಸ ಕ್ಲಾಸ್ ಚೆಖಿಯೆಲ್ ಎಕೆಸ್ ಗಮನಿಸಿದರು. ಗುರುತು ಬಿದ್ದ ವಾಕ್ಯಗಳೇ ಕೃತಕ ಪತ್ರಗಳಲ್ಲಿ ಬಂದು ಕೂತಿದ್ದವು. ಆ ಹಸ್ತಪ್ರತಿಗಳಲ್ಲಿ ಖಾಲ್ಸಿದೋನ್ ಧರ್ಮಸಭೆಯ ನಡಾವಳಿಯ ಪ್ರತಿ ಈಗ ಪ್ಯಾರಿಸ್ಸಿನಲ್ಲಿದೆ, ಕ್ಯಾಸಿಯೊದೋರನ ಚರ್ಚ್ ಇತಿಹಾಸದ ಪ್ರತಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಮುಂದೆ ಕದ್ದು ಹಾಕಲಿರುವ ವಾಕ್ಯವನ್ನು ಗುರುತಿಸುತ್ತಿರುವ ಕೈಯೇ ಅಲ್ಲಿ ಕಂಡಂತಾಯಿತು.

ಕಾಲನಿರ್ಣಯವೂ ಇದರೊಂದಿಗೇ ಅಲುಗಿತು. ಇದೇ ಬಳಗದ್ದೆನ್ನಲಾದ ಇನ್ನೊಂದು ಸಂಗ್ರಹ, ಬೆನೆದಿಕ್ತ ಲೆವೀಟನದು, 847ರಲ್ಲಿ ತೀರಿಕೊಂಡ ಮೈನ್ಸಿನ ಆರ್ಚ್‌ಬಿಷಪ್ ಓಟ್‌ಗಾರ್‌ನನ್ನು ಗತಿಸಿದವನೆಂದು ಸ್ಮರಿಸುತ್ತದೆ. ಹಾಗಾಗಿ ಪತ್ರಗಳು ಹುಟ್ಟಿದ್ದು 847ರಿಂದ 852ರ ನಡುವೆ ಎಂಬುದು ಬಹುಕಾಲದ ಒಪ್ಪಿತ ಲೆಕ್ಕವಾಗಿತ್ತು. ಚೆಖಿಯೆಲ್ ಎಕೆಸ್ ಪತ್ರಗಳ ಕಾಲವನ್ನು 830ರ ದಶಕದ ಕೊನೆಗೆ ಎಳೆದರು. ಬಿಷಪ್ಪನ ಮೇಲೆ ಸುಲಭವಾಗಿ ಆರೋಪ ಹೊರಿಸಕೂಡದು, ಪದಚ್ಯುತನಾದವನಿಗೆ ವಿಚಾರಣೆಗೆ ಮೊದಲೇ ಎಲ್ಲವನ್ನೂ ಹಿಂದಿರುಗಿಸಬೇಕು ಎಂದು ಈ ಪತ್ರಗಳು ಮತ್ತೆಮತ್ತೆ ಹೇಳುತ್ತವೆ. ಫ್ರಾಂಕರ ದೊರೆ ಲೂಯಿ ಮರಳಿ ಪಟ್ಟಕ್ಕೆ ಬಂದ ಮೇಲೆ, 835ರಲ್ಲಿ, ರೀಮ್ಸಿನ ಆರ್ಚ್‌ಬಿಷಪ್ ಎಬ್ಬೋ ಪೀಠ ಕಳೆದುಕೊಂಡ. ಆ ದಿನಗಳ ಭಯಕ್ಕೆ ಈ ಮಾತುಗಳು ಚೆನ್ನಾಗಿ ಹೊಂದುತ್ತವೆ. ಚರ್ಚೆ ಇಂದಿಗೂ ನಡೆದಿದೆ.

ಸುಳ್ಳು ಬಯಲಾಯಿತೆಂಬ ಗೆಲುವಿಗಾಗಿ ನಾನು ಇದನ್ನು ಓದುವುದಿಲ್ಲ. ಹೆಸರನ್ನೂ ಕಾಲವನ್ನೂ ಅಷ್ಟು ಜಾಣತನದಿಂದ ಮರೆಸಿದವನಿಗೆ ತಾನು ಏನೇನು ಓದಿದ್ದೆ ಎಂಬುದನ್ನು ಮರೆಸಲಾಗಲಿಲ್ಲ. ಯಾವ ಮಠದ ಕಪಾಟು, ಯಾವ ಪ್ರತಿ, ಯಾವ ಪುಟ ಎಂದು ತಿಳಿಯುತ್ತ ಹೋದಂತೆ ಅವನು ಯಾವ ಕಾಲದವನು, ಯಾವುದಕ್ಕೆ ಅಂಜಿದ್ದ ಎಂಬುದೂ ಹತ್ತಿರವಾಗುತ್ತದೆ. ಆಕರ ಮತ್ತು ಕಾಲ ಎರಡು ಪ್ರಶ್ನೆಗಳಲ್ಲ. ಒಂದನ್ನು ಬಿಡಿಸಿದಷ್ಟೂ ಇನ್ನೊಂದು ಬಿಡಿಸಿಕೊಳ್ಳುತ್ತದೆ. ಇನ್ನೂ ಮೂಲ ಪತ್ತೆಯಾಗದ ಒಂದೊಂದು ವಾಕ್ಯವೂ ನನ್ನನ್ನು ಮತ್ತೆ ಆ ಪುಟಗಳ ಮುಂದೆ ಕೂರಿಸುವುದು ಅದಕ್ಕೇ.