ಗುಮ್ಮಟದೊಳಗೊಂದು ಯುದ್ಧ

ಟರ್ಕಿಯ ಇಸ್ತಾಂಬುಲ್‌ಗೆ ಹೋದರೆ ‘ಪನೋರಮಾ 1453’ ಮ್ಯೂಸಿಯಂ ನೋಡದೆ ಬರಬೇಡಿ. ಮಗನ ಜೊತೆ ನಾನೂ ಹೋಗಿದ್ದೆ. ಮೆಟ್ಟಿಲು ಹತ್ತಿ ಗುಮ್ಮಟದೊಳಗೆ ಕಾಲಿಟ್ಟೆನೋ ಇಲ್ಲವೋ, ಸುತ್ತಲೂ ಯುದ್ಧ! ಕಿವಿ ತುಂಬ ಫಿರಂಗಿ ಸದ್ದು. ಗೋಡೆಯ ಚಿತ್ರ ಎಲ್ಲಿ ಮುಗೀತು, ಮುಂದೆ ಜೋಡಿಸಿಟ್ಟ ಫಿರಂಗಿ, ಪೀಪಾಯಿ ಎಲ್ಲಿ ಶುರುವಾಯ್ತು ಅಂತ ಗೊತ್ತೇ ಆಗೋಲ್ಲ.

ಆಗ ಈ ಊರು ಕಾನ್‌ಸ್ಟಾಂಟಿನೋಪಲ್. 1453ರ ಏಪ್ರಿಲ್ 6ರಿಂದ ಮುತ್ತಿಗೆ. ಮೇ 29ಕ್ಕೆ ಊರು ಬಿತ್ತು. ಗೆದ್ದ ಸುಲ್ತಾನ್ ಮೆಹ್ಮದನಿಗೆ 21 ವರ್ಷ, ಪಕ್ಕದಲ್ಲಿ ನಿಂತಿದ್ದ ನನ್ನ ಮಗನಷ್ಟೇ! ಹಗಲು ಫಿರಂಗಿ ಕೆಡವಿದ ಗೋಡೆಯನ್ನು ರಾತ್ರಿ ಹೆಂಗಸರು, ಮಕ್ಕಳೂ ಕಲ್ಲುಮಣ್ಣು ಹೊತ್ತು ಮುಚ್ಚುತ್ತಿದ್ದರಂತೆ. ಚಿತ್ರದಲ್ಲಿ ಅವರನ್ನು ಹುಡುಕಿದೆ. ನನ್ನ ಕಣ್ಣಿಗೆ ಬೀಳಲಿಲ್ಲ.

ಹೊರಗೆ ಬಂದರೆ ಹತ್ತಿರದಲ್ಲೇ ಆ ಹಳೇ ಕೋಟೆ ಗೋಡೆ. ಒಂದು ಕಲ್ಲು ಮುಟ್ಟಿ ನೋಡಿದೆ. ಯಾವ ತಾಯಿ ಹೊತ್ತಿದ್ದಳೋ! ನೀವು ಹೋದಾಗಲೂ ಮುಟ್ಟಿ ಬನ್ನಿ.