ಬರೀ ನೋಡಾಕ

ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ‘ಬೆಂಗಳೂರಿಗೆ ಹೊಂಟೇವಿ’ ಎಂದು ಹೇಳಿ ನೋಡಿ. ಕಟ್ಟೆಯ ಮೇಲೆ ಕುಂತವರು ಮೊದಲು ಕೇಳುವುದು, ‘ಯಾಕ್ರೀ, ಯಾರಿಗರ ಆರಾಮಿಲ್ಲೇನು?’ ಎಲ್ಲರೂ ಆರಾಮ ಅಂದರೆ, ‘ಹಂಗಾರ ಯಾರರ ಸಾಹೇಬ್ರನ್ನ ಕಾಣೋದೈತೇನು?’ ಅದೂ ಅಲ್ಲ ಅಂದರೆ, ‘ಹುಡುಗನ ನೌಕರಿ ಸಲುವಾಗಿ ಇರಬೇಕು’ ಎಂದು ತಾವೇ ತೀರ್ಮಾನಿಸಿಬಿಡುತ್ತಾರೆ. ‘ಏನಿಲ್ರೀ, ಬರೀ ನೋಡಾಕ’ ಎಂದರೆ ಮುಖ ನೋಡುತ್ತಾರೆ.

ಹಾಗಂತ ನಮ್ಮವರು ಊರು ಬಿಟ್ಟು ಕದಲದ ಮಂದಿಯಲ್ಲ. ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಾರೆ, ಉಳವಿಗೆ ಚಕ್ಕಡಿ ಕಟ್ಟುತ್ತಾರೆ, ಶ್ರೀಶೈಲಕ್ಕೆ ಬಿಸಿಲಲ್ಲಿ ನಡೆಯುತ್ತಾರೆ, ಪಂಢರಪುರಕ್ಕೆ ದಿಂಡಿಯ ಜೋಡಿ ಸಾಗುತ್ತಾರೆ. ದೇವರಿಗೆ ಹೋಗುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಬೆಂಗಳೂರಿಗೆ ಮಾತ್ರ ಕಾರಣ ಬೇಕು. ಆ ಊರಿಗೂ ನಮಗೂ ಇರುವ ನಂಟೇ ಅಂಥದ್ದು. ಉಳ್ಳಾಗಡ್ಡಿ ಲಾರಿಯ ಜೋಡಿ ಯಶವಂತಪುರದ ಎಪಿಎಂಸಿಗೆ ಹೋಗಿ, ಚೀಲಗಳ ಮೇಲೆಯೇ ರಾತ್ರಿ ಕಳೆದು, ಸವಾಲಿನಲ್ಲಿ ಬಂದಷ್ಟು ರೊಕ್ಕ ಒಳಗಿಸೆಯಲ್ಲಿಟ್ಟುಕೊಂಡು ಅದೇ ಲಾರಿಯಲ್ಲಿ ತಿರುಗಿ ಬಂದವರು ನಮ್ಮಲ್ಲಿ ಎಷ್ಟೋ ಜನ. ಬೆಂಗಳೂರು ನೋಡೀರೇನು ಅಂದರೆ ನೋಡೇವಿ ಅನ್ನುತ್ತಾರೆ. ನೋಡಿದ್ದು ಮಾರ್ಕೆಟ್ ಯಾರ್ಡು ಅಷ್ಟೇ. ಮಳೆ ಕೈಕೊಟ್ಟ ವರ್ಷ ಸೆಂಟ್ರಿಂಗ್ ಕೆಲಸಕ್ಕೆ, ಗಾರೆ ಕೆಲಸಕ್ಕೆ ಗುಳೆ ಹೋದವರಿದ್ದಾರೆ. 2017ರ ಡಿಸೆಂಬರಿನಲ್ಲಿ ಮಹದಾಯಿ ನೀರು ಕೇಳಿಕೊಂಡು ನಮ್ಮ ಭಾಗದ ರೈತರು, ಹೆಣ್ಣುಮಕ್ಕಳೂ ಸೇರಿ, ಮಲ್ಲೇಶ್ವರದ ರಸ್ತೆಯಲ್ಲಿ ಚಳಿಯಲ್ಲಿ ಧರಣಿ ಕುಳಿತಿದ್ದರು. ದುಡಿಯಲಿಕ್ಕೆ, ಮಾರಲಿಕ್ಕೆ, ಕೇಳಲಿಕ್ಕೆ, ದವಾಖಾನೆಯಲ್ಲಿ ಕಾಯಲಿಕ್ಕೆ ಹೋಗುವ ಊರು ಅದು. ಉಟ್ಟ ಒಳ್ಳೆಯ ಅರಿವೆಯಲ್ಲಿ, ಮಕ್ಕಳ ಕೈಹಿಡಿದು, ತಲೆಯೆತ್ತಿ ಅತ್ತಿತ್ತ ನೋಡುತ್ತ ನಡೆಯಲಿಕ್ಕೆ ನಾವು ಅಲ್ಲಿಗೆ ಹೋಗಿದ್ದು ಬಹಳ ಕಡಿಮೆ.

ಅದು ನಮ್ಮ ರಾಜಧಾನಿ, ನಮ್ಮ ಹೋರಾಟದಿಂದ ನಮ್ಮದಾದ ರಾಜಧಾನಿ. ನೆಹರೂ ಅವರು 1951ರ ಜುಲೈ 13ರಂದು ವಿಧಾನ ಸೌಧಕ್ಕೆ ಅಡಿಗಲ್ಲು ಹಾಕಿದಾಗ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ಹಿರಿಯರ ಪಾಲಿಗೆ ದೊಡ್ಡ ಊರೆಂದರೆ ಪುಣೆ, ಮುಂಬಯಿ. ಕನ್ನಡದವರೆಲ್ಲ ಒಂದೇ ರಾಜ್ಯದೊಳಗೆ ಇರಬೇಕೆಂದು 1953ರಲ್ಲಿ ಹುಬ್ಬಳ್ಳಿ ತಾಲ್ಲೂಕಿನ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಆಮರಣ ಉಪವಾಸಕ್ಕೆ ಕುಳಿತರು. ಹುಬ್ಬಳ್ಳಿಯ ರಸ್ತೆಗಳು ಕುದ್ದವು. 1956ರ ನವೆಂಬರ್ 1ಕ್ಕೆ ನಾವು ಈ ಕಡೆ ಬಂದೆವು. ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದ ಆ ಕಲ್ಲಿನ ಸೌಧವೂ ಅದೇ ವರ್ಷ ಮುಗಿಯಿತು. ಇಷ್ಟು ಕಷ್ಟಪಟ್ಟು ಸೇರಿಕೊಂಡ ಮನೆಯ ಪಡಸಾಲೆಯನ್ನು ನಮ್ಮ ಮಕ್ಕಳು ಪುಸ್ತಕದ ಚಿತ್ರದಲ್ಲಷ್ಟೇ ನೋಡಬಾರದು ಎಂಬುದು ನನ್ನ ಗಟ್ಟಿಯಾದ ಅನಿಸಿಕೆ. ಅದಕ್ಕೇ ಈ ಜನವರಿಗೆ ಮನೆಮಂದಿಯೆಲ್ಲ ಶನಿವಾರ, ಭಾನುವಾರ ಹಿಡಿದು ಹೊರಡುವ ತಯಾರಿಯಲ್ಲಿದ್ದೇವೆ.

ತಯಾರಿ ಶುರುವಾಗುವುದು ನಕಾಶೆಯಿಂದಲ್ಲ, ಎಮ್ಮೆಯಿಂದ. ಸಂಬಳದವರಿಗೆ ಶನಿವಾರ, ಭಾನುವಾರದ ರಜೆ ತಾನಾಗಿ ಬರುತ್ತದೆ. ಕೊಟ್ಟಿಗೆಗೆ ಯಾವ ವಾರವೂ ರಜೆಯಿಲ್ಲ. ಹೊತ್ತಾರೆ ಹಿಂಡಬೇಕು, ಸಂಜೆ ಹಿಂಡಬೇಕು, ಡೇರಿ ಮುಚ್ಚುವುದರೊಳಗೆ ಹಾಲು ಮುಟ್ಟಿಸಬೇಕು. ಎಮ್ಮೆ ಹೊಸ ಕೈಗೆ ಹಾಲು ಬಿಡುವುದಿಲ್ಲ. ಅದಕ್ಕೆ ಬಾಜೂ ಮನೆಯ ಅಕ್ಕ ವಾರ ಮುಂಚೆಯೇ ನಮ್ಮ ಕೊಟ್ಟಿಗೆಗೆ ಬರಲು ಶುರು ಮಾಡುತ್ತಾರೆ. ಮೊದಲ ದಿನ ನನ್ನ ಹೆಂಡತಿ ಹಿಂಡುವಾಗ ಅವರು ಪಕ್ಕದಲ್ಲಿ ನಿಂತು ಎಮ್ಮೆಯ ಬೆನ್ನು ಸವರುತ್ತಾರೆ, ಮಾತಾಡಿಸುತ್ತಾರೆ. ಮಾರನೆಯ ದಿನ ಹಿಂಡಿಯ ಬುಟ್ಟಿ ಮುಂದಿಡುವುದು ಅವರ ಕೈ. ಆಮೇಲೆ ಕೆಚ್ಚಲು ತೊಳೆಯುವುದು, ಆಮೇಲೆ ಕಡೆಯ ನಾಲ್ಕು ಸೆಳೆತ ಅವರದು. ಕೊನೆಗೆ ನನ್ನ ಹೆಂಡತಿಯ ಹಳೆಯ ಸೀರೆ ಉಟ್ಟು, ಚರಿಗೆಯನ್ನು ಮೊಣಕಾಲಿನ ನಡುವೆ ಹಿಡಿದು ಕುಕ್ಕರಗಾಲಿನಲ್ಲಿ ಕೂತರೆ, ಎಮ್ಮೆ ಒಮ್ಮೆ ತಿರುಗಿ ಮೂಸಿ ನೋಡಿ ಸುಮ್ಮನೆ ನಿಲ್ಲುತ್ತದೆ. ಚರಿಗೆಯ ತಳಕ್ಕೆ ಹಾಲು ಚರ್ರ್ ಎಂದು ಬಿದ್ದ ಮೇಲೆಯೇ ನಮ್ಮ ಪ್ರವಾಸ ಖಾತ್ರಿ. ಅವರು ಗುಡ್ಡಕ್ಕೆ ಹೋದಾಗ ಅವರ ಆಕಳು ನಮ್ಮ ಪಾಲು. ಈ ಕೊಡುಕೊಳ್ಳುವಿಕೆ ಇಲ್ಲದೆ ಹಳ್ಳಿಯ ಯಾವ ಸಂಸಾರವೂ ಒಂದು ರಾತ್ರಿ ಹೊರಗೆ ಕಳೆಯಲಾರದು. ಆ ಎರಡು ದಿನದಲ್ಲಿ ನಳ ಬಂದರೆ ನೀರಿನ ತೊಟ್ಟಿ ತುಂಬಿಸುವುದಕ್ಕೂ ಅವರೇ ಬೇಕು.

ದಿನ ಗೊತ್ತುಮಾಡುವುದು ಹೊಲ. ಆಗಸ್ಟಿನಲ್ಲಿ ಲಾಲ್‌ಬಾಗಿನಲ್ಲಿ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಆದರೆ ಆಗ ನಮ್ಮಲ್ಲಿ ಹೆಸರು ಬಿಡಿಸುವ ಹೊತ್ತು. ಮಳೆ ಹಿಡಿದರೆ ಕಾಯಿ ಗಿಡದಲ್ಲೇ ಮೊಳೆಯುತ್ತದೆ, ಮನೆಯ ಒಂದು ಕೈಯನ್ನೂ ಬಿಟ್ಟುಕೊಡುವಂತಿಲ್ಲ. ಅಕ್ಟೋಬರ್ ಅಂದರೆ ಕಡಲೆ ಬಿತ್ತನೆ, ಜೋಳದ ಬಿತ್ತನೆ. ಫೆಬ್ರವರಿಗೆ ಕಡಲೆ ಕೀಳಬೇಕು. ಸಂಕ್ರಾಂತಿ ಮುಗಿದ ಮೇಲಿನ ವಾರ ಮಾತ್ರ ಎರಿಹೊಲ ನಮ್ಮನ್ನು ಸ್ವಲ್ಪ ಸಡಿಲ ಬಿಡುತ್ತದೆ: ಕಡಲೆ ಕಾಯಿ ಕಟ್ಟಿರುತ್ತದೆ, ಜೋಳ ತೆನೆ ಹಿರಿದಿರುತ್ತದೆ. ಗಣರಾಜ್ಯೋತ್ಸವದ ಪ್ರದರ್ಶನವೂ ಆ ಹೊತ್ತಿಗೇ ಬರುವುದು ನಮ್ಮ ಪುಣ್ಯ. ಶನಿವಾರದ ಮುಂಜಾನೆಯ ಸಾಲೆ ತಪ್ಪುತ್ತದೆಂದು ಮಕ್ಕಳು ಗುರುಗಳಿಗೆ ರಜಾ ಚೀಟಿ ಈಗಲೇ ಬರೆದಿಟ್ಟಿದ್ದಾರೆ. ‘ಯಾಕ’ ಎಂಬ ಜಾಗದಲ್ಲಿ ಮಗಳು ‘ರಾಜಧಾನಿ ನೋಡುವುದಕ್ಕಾಗಿ’ ಎಂದು ಬರೆದಿದ್ದಾಳೆ. ಓದಿ ಬಹಳ ಖುಷಿಯಾಯಿತು.

ಹೋಗುವ ದಾರಿಯ ಮೇಲೆ ಮನೆಯಲ್ಲಿ ಚರ್ಚೆಯಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ನಮ್ಮ ಅವ್ವನ ವಾರಗೆಯವರು ತಮ್ಮ ಮನಸ್ಸಿಗೆ ಬಂದ ದಿನ, ಯಾರನ್ನೂ ರೊಕ್ಕ ಕೇಳದೆ ಊರು ನೋಡುವಂತಾದದ್ದು ಈ ಎರಡು ಮೂರು ವರ್ಷಗಳಲ್ಲಿ. ಇದು ದೊಡ್ಡ ಮಾತು. ಆದರೂ ಹುಬ್ಬಳ್ಳಿಯಿಂದ 400 ಕಿಲೋಮೀಟರು ರಾತ್ರಿಯಿಡೀ ಕೂತೇ ಹೋಗುವುದು ಅವ್ವನ ಸೊಂಟಕ್ಕೆ ಆಗದು, ಮಲಗಿ ಹೋಗುವ ಬಸ್ಸುಗಳಿಗೆ ಶಕ್ತಿ ಇಲ್ಲ. ಶುಕ್ರವಾರ ರಾತ್ರಿಯ ರೈಲು ಹತ್ತಿ ಶನಿವಾರ ಬೆಳಕು ಹರಿಯುವಾಗ ಮೆಜೆಸ್ಟಿಕ್ಕಿನಲ್ಲಿ ಇಳಿಯುವುದು, ಭಾನುವಾರ ರಾತ್ರಿ ಹತ್ತಿ ಸೋಮವಾರ ಊರಿನ ಮೊದಲ ಬಸ್ಸು ಹಿಡಿಯುವುದು ಎಂದಾಯಿತು. ಹುಬ್ಬಳ್ಳಿಯ ಸಿದ್ಧಾರೂಢ ನಿಲ್ದಾಣಕ್ಕೆ ತುಸು ಬೇಗನೆ ಹೋಗಬೇಕೆಂದು ಮಗನ ಹಟ. 2023ರಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮು 1507 ಮೀಟರು ಉದ್ದ, ಜಗತ್ತಿನಲ್ಲೇ ಉದ್ದದ್ದು. ಈ ತುದಿಯಿಂದ ಆ ತುದಿಗೆ ನಡೆಯಬೇಕಂತೆ. ನಡೆಯಲಿ. ನೋಡುವುದು ಹುಬ್ಬಳ್ಳಿಯಿಂದಲೇ ಶುರುವಾಗಲಿ.

ಎಲ್ಲಿ ಇಳಿದುಕೊಳ್ಳುವುದು ಎಂಬಲ್ಲಿ ನಾನು ಗಟ್ಟಿಯಾಗಿ ನಿಂತೆ. ಬಳಗದವರ ಮನೆ ಬೇಡ, ನಿಲ್ದಾಣದ ಹತ್ತಿರ ಒಂದು ಲಾಡ್ಜು. ಪ್ರೀತಿ ಇಲ್ಲವೆಂದಲ್ಲ. ನಮ್ಮ ಕಡೆಯ ಮಂದಿಯ ಮನೆಗೆ ಹೋದರೆ ಚಹಾ, ಉಪ್ಪಿಟ್ಟು, ಮಾತು, ಮಧ್ಯಾಹ್ನದ ಊಟ, ಮತ್ತೆ ಮಾತು; ‘ಇವತ್ತ ಆರಾಮ ತಗೋರಿ, ನಾಳೆ ನೋಡೂಣು’ ಎನ್ನುವುದರಲ್ಲಿ ಶನಿವಾರ ಮುಗಿದಿರುತ್ತದೆ. ಹತ್ತು ಬೈ ಹತ್ತರ ಬಾಡಿಗೆ ಮನೆಯಲ್ಲಿ ಐದು ಜನರ ಹಾಸಿಗೆ ಅವರಿಗೆಷ್ಟು ತೊಂದರೆ ಎಂಬುದನ್ನೂ ನೋಡಬೇಕು. ಬಳಗದವರನ್ನೇ ನಮ್ಮ ಜೋಡಿ ನೋಡಲು ಕರೆದರಾಯಿತು.

ಮಕ್ಕಳು ಬರೆದ ಪಟ್ಟಿ ನೋಟ್‌ಬುಕ್ಕಿನ ಹಾಳೆ ತುಂಬಿತ್ತು. ನಾನು ಬನ್ನೇರುಘಟ್ಟ ತೆಗೆಸಿದೆ, ಮಾಲು ತೆಗೆಸಿದೆ. ಎರಡೇ ದಿನವಿದ್ದಾಗ ಮೆಟ್ರೊ ಮುಟ್ಟಿಸುವಷ್ಟಕ್ಕೆ ನಿಲ್ಲುವುದು ಜಾಣತನ; ಉಳಿದದ್ದಕ್ಕೆ ಇನ್ನೊಂದು ಜನವರಿ ಇದೆ. ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದಲ್ಲಿ ನಾಲ್ಕನೆಯ ನಿಲ್ದಾಣ ಲಾಲ್‌ಬಾಗ್, ನೇರಳೆ ಮಾರ್ಗದಲ್ಲಿ ಎರಡನೆಯದು ವಿಧಾನ ಸೌಧ. ಅವ್ವನ ಸೀರೆಯ ನಿರಿಗೆ ಓಡುವ ಮೆಟ್ಟಿಲಿಗೆ ಸಿಕ್ಕದಂತೆ ಎಲ್ಲ ಕಡೆ ಲಿಫ್ಟಿನಲ್ಲೇ ಇಳಿಯುವುದು ಎಂದು ಮಗಳು ಜವಾಬ್ದಾರಿ ಹೊತ್ತಿದ್ದಾಳೆ.

ಲಾಲ್‌ಬಾಗಿಗೆ ಶನಿವಾರ ಬೆಳಿಗ್ಗೆಯೇ ಹೋಗಬೇಕು, ಗದ್ದಲ ಏರುವ ಮೊದಲು. 1760ರ ಹೊತ್ತಿಗೆ ಹೈದರಾಲಿ ಶುರುಮಾಡಿದ ತೋಟ, 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ, ಅದರೊಳಗೆ ಹೂವಿನ ಅರಮನೆ. ಇವನ್ನು ಮಕ್ಕಳು ತಾವೇ ಹುಡುಕಿ ನೋಡುತ್ತಾರೆ. ನನಗೆ ತೋರಿಸಬೇಕೆನ್ನಿಸಿರುವುದು ಅಲ್ಲಿನ ಬಂಡೆ. ನಮ್ಮ ಎರಿಯಲ್ಲಿ ಮೈಲಿಗಟ್ಟಲೆ ನಡೆದರೂ ಕಾಲಿಗೆ ಕಲ್ಲು ಎಡವುವುದಿಲ್ಲ, ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟ ಬಿರುಕಿನಲ್ಲಿ ಕೈ ಮೊಣಕೈವರೆಗೆ ಇಳಿಯುತ್ತದೆ. ಅಂಥ ಮಣ್ಣಿನಲ್ಲಿ ಬೆಳೆದ ಮಕ್ಕಳು ಸುಮಾರು 300 ಕೋಟಿ ವರ್ಷದ ಒಂದೇ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ನೆರಳಲ್ಲಿ ಕೂತು ಬುತ್ತಿ ಬಿಚ್ಚಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡು ದಿನ ಕೆಡದ ಎಣ್ಣಿಗಾಯಿ. ಬೆಂಗಳೂರಿನ ದೋಸೆಯ ಮೇಲೆ ನನಗೂ ಆಸೆಯಿದೆ, ಅದು ಸಂಜೆಗೆ.

ಸಂಜೆ ಬಸವನಗುಡಿ. ಇದು ಅವ್ವನ ಒಂದೇ ಬೇಡಿಕೆ. ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಎರಿಮಣ್ಣು ನಾದಿ, ಅಂಗೈಯಗಲದ ಜೋಡೆತ್ತು ಮಾಡಿ, ಕೋಡಿಗೆ ಗುಲಗಂಜಿ ಬಣ್ಣ ಹಚ್ಚಿ ಜಗಲಿಯ ಮೇಲಿಡುವವಳು ಅವಳು. ಹದಿನೈದು ಅಡಿ ಎತ್ತರದ ದೊಡ್ಡ ಬಸವಣ್ಣನನ್ನು ಒಂದೇ ಕಲ್ಲಿನಲ್ಲಿ ಕಡೆದಿದ್ದಾರೆಂದು ಮೊಮ್ಮಗ ಓದಿ ಹೇಳಿದಾಗಿನಿಂದ, ‘ಅಷ್ಟ ದೊಡ್ಡ ಬಸವಣ್ಣನ ಡುಬ್ಬ ಹೆಂಗ ತಿದ್ದ್ಯಾರ ನೋಡಬೇಕವಾ’ ಅನ್ನುತ್ತಿದ್ದಾಳೆ. ಮಾಡುವ ಕೈ ಇದ್ದವರಿಗಷ್ಟೇ ಹುಟ್ಟುವ ಕುತೂಹಲ ಅದು.

ಭಾನುವಾರ ವಿಧಾನ ಸೌಧ. 2025ರ ಜೂನ್‌ನಿಂದ ಭಾನುವಾರಗಳಂದು, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಜನಸಾಮಾನ್ಯರನ್ನು ತಂಡ ಮಾಡಿ ಒಳಗೆ ಕರೆದೊಯ್ದು ತೋರಿಸುವ ವ್ಯವಸ್ಥೆಯಾಗಿದೆ. ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ಮಾಡಬೇಕು, ಗುರುತಿನ ಚೀಟಿ ಇರಬೇಕು. ಇಷ್ಟು ವರ್ಷ ಬೇಲಿಯ ಹೊರಗೆ ನಿಂತು ಫೋಟೊ ತೆಗೆಸಿಕೊಂಡವರಿಗೆ ಬಾಗಿಲು ತೆರೆದದ್ದು ಒಳ್ಳೆಯ ಕೆಲಸ. ಕೈದಿಗಳೂ ಸೇರಿ ಸಾವಿರಾರು ಜನ ಕಲ್ಲು ಹೊತ್ತು, ಕಡೆದು ಎಬ್ಬಿಸಿದ ಕಟ್ಟಡವೆಂದು ಮಕ್ಕಳಿಗೆ ಅಲ್ಲೇ ನಿಂತು ಹೇಳಬೇಕು. ಅಲ್ಲಿಂದ ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ಮ್ಯೂಸಿಯಂ ಕಾಲ್ನಡಿಗೆಯ ದೂರ.

ನಮ್ಮ ತಂಗಿಯ ಮಗ ಬೆಂಗಳೂರಿನ ಲಗ್ಗೆರೆಯಲ್ಲಿದ್ದಾನೆ, ಸೆಂಟ್ರಿಂಗ್ ಕೆಲಸ. ಅದೇ ಊರಲ್ಲಿ ಎಷ್ಟೋ ಕಟ್ಟಡಗಳಿಗೆ ಛತ್ತು ಹಾಕಿದವನು. ಮೊನ್ನೆ ಫೋನು ಹಚ್ಚಿ, ನಿಮ್ಮ ಮನೆಗೆ ಇಳಿಯುವುದಿಲ್ಲ ಎಂದು ಹೇಳಿದ್ದಕ್ಕೆ ಮೊದಲು ಮುನಿಸಿಕೊಂಡ. ಭಾನುವಾರದ ಮಾತು ತೆಗೆದ ಮೇಲೆ ಕೇಳಿದ: ‘ಮಾವಾ, ನಾ ಅದರ ಮುಂದ ಬಸ್ಸಿನ್ಯಾಗ ಎಷ್ಟ ಸಲ ಹೋಗೇನಿ. ಒಳಗ ಬಿಡ್ತಾರೇನು ಖರೇ?’

‘ಬಿಡ್ತಾರಪಾ. ಆಧಾರ್ ಕಾರ್ಡ್ ತಗೊಂಡ ಬಾ.’

ಅತ್ತ ಹೆಂಡತಿಯ ಜೋಡಿ ಏನೋ ಮಾತಾಡಿ ಮತ್ತೆ ಫೋನಿಗೆ ಬಂದ. ಐತಾರ ತನಗೂ ರಜೆ, ಇಬ್ಬರೂ ಬರುತ್ತೇವೆ, ಟಿಕೆಟ್ಟು ಏಳು ಮಂದಿಗೆ ಮಾಡಿಸು ಎಂದ. ಬರುವಾಗ ಹೊಲದಿಂದ ಹಸಿಕಡಲೆಯ ಒಂದು ಸೂಡು ತರಬೇಕಂತೆ. ರೈಲಿನ ಬುಕಿಂಗು ಈಗ 60 ದಿನ ಮುಂಚೆ ತೆರೆಯುತ್ತದೆ. ಅವ್ವನಿಗೆ ಕೆಳಗಿನ ಬರ್ತು ಸಿಗಬೇಕಾದರೆ ಬರುವ ವಾರವೇ ಮುಂಜಾನೆ ಎಂಟಕ್ಕೆ ಸರಿಯಾಗಿ ಮೊಬೈಲು ಹಿಡಿದು ಕೂಡಬೇಕು.